‘ಅವರ ಮನಿ ಎಲ್ಲಿ ಅದ?’: ಕ್ರಿಪ್ಟೋ ವಿನಿಮಯ ಕೇಂದ್ರವೊಂದಕ್ಕೆ ಕಲಬುರಗಿಯಿಂದ ಬಹಿರಂಗ ಪತ್ರ

ಇವರಿಗೆ,
ಕುಂದುಕೊರತೆ ಪರಿಹಾರ ಅಧಿಕಾರಿಗಳು,
ನಾನು ಖಾತೆ ಹೊಂದಿರುವ ಕ್ರಿಪ್ಟೋ ವಿನಿಮಯ ಕೇಂದ್ರ.

ಪ್ರತಿ: ಕೇಂದ್ರ ಹಣಕಾಸು ಸಚಿವಾಲಯದ ಸಂಬಂಧಪಟ್ಟ ಅಧಿಕಾರಿಗಳಿಗೆ.

ಮಾನ್ಯರೇ,

ನಿಮ್ಮ ಸಂಸ್ಥೆಯ ಹೆಸರನ್ನು ಇಲ್ಲಿ ಬರೆದಿಲ್ಲ. ನನ್ನ ಖಾತೆಯಿಂದಾದ ಕಳವಿನ ಬಗ್ಗೆ ಪೊಲೀಸ್ ತನಿಖೆ ನಡೆದಿದೆ, ಅದು ಮುಗಿಯುವವರೆಗೆ ಹೆಸರು ಹಿಡಿದು ಬರೆಯುವುದು ಬೇಡ ಎಂದು ವಕೀಲರು ಹೇಳಿದ್ದಾರೆ. ಓದಿದರೆ ಇದು ನಿಮಗೇ ಬರೆದದ್ದೆಂದು ನಿಮಗೆ ತಿಳಿಯುತ್ತದೆ. ನನ್ನ ದೂರಿಗೆ ನೀವು ಕೊಟ್ಟ ಟಿಕೆಟ್ ಸಂಖ್ಯೆಯ ಮುಂದೆ ಈಗ ಹಸಿರು ಬಣ್ಣದಲ್ಲಿ ‘ಪರಿಹರಿಸಲಾಗಿದೆ’ ಎಂದು ಕಾಣುತ್ತದೆ. ಅಲ್ಲಿ ಮತ್ತೆ ಒಂದು ಅಕ್ಷರ ಬರೆಯಲೂ ಬಿಡುವುದಿಲ್ಲ. ಅದಕ್ಕೇ ನಾಲ್ಕು ಮಂದಿ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಕಲಬುರಗಿಯ ನೆಹರು ಗಂಜಿನಲ್ಲಿ ಲೆಕ್ಕ ಬರೆಯುವವ. ನಾಲ್ಕು ಅಡತಿ ಅಂಗಡಿ, ಎರಡು ದಾಲ್ ಮಿಲ್ಲುಗಳ ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನ್ ನನ್ನ ಕೈಯಲ್ಲಿವೆ. ನನಗಿಂತ ಮೊದಲು ನಮ್ಮಪ್ಪ ಇದೇ ಗಂಜಿನಲ್ಲಿ 34 ವರ್ಷ ಮುನೀಮರಾಗಿದ್ದರು. ಕೆಂಪು ಬಟ್ಟೆ ರಟ್ಟಿನ ಕೀರ್ದಿ ಪುಸ್ತಕದ ಕಾಲದವರು. 2021ರಲ್ಲಿ ನಾನು ನಿಮ್ಮ ಆ್ಯಪ್ ಹಾಕಿಕೊಂಡು ತಿಂಗಳಿಗೆ ಎರಡು ಮೂರು ಸಾವಿರದಂತೆ ಬಿಟ್‌ಕಾಯಿನ್ ಕೊಳ್ಳಲು ಶುರು ಮಾಡಿದಾಗ, ಲಾಭ ಎಷ್ಟು ಬರುತ್ತದೆ ಎಂದು ಅವರು ಕೇಳಲಿಲ್ಲ. “ರೊಕ್ಕ ಯಾರ ಬಲ್ಲಿ ಇಟ್ಟಿ? ಅವರ ಮನಿ ಎಲ್ಲಿ ಅದ?” ಅಂದರು. ನಾನು ನಕ್ಕುಬಿಟ್ಟೆ. ಮೊಬೈಲ್ ಕಾಲದಲ್ಲಿ ಮನೆ ಕೇಳುತ್ತಾರಲ್ಲ ಎಂದು ಅಂಗಡಿಯಲ್ಲಿ ಹುಡುಗರ ಮುಂದೆ ಹೇಳಿಕೊಂಡು ಮತ್ತೊಮ್ಮೆ ನಕ್ಕಿದ್ದೂ ಉಂಟು.

ಕಳೆದ ಎಳ್ಳಮಾವಾಸ್ಯೆಯ ದಿನ ನಡೆದದ್ದನ್ನು ಹೇಳುತ್ತೇನೆ. ನಮ್ಮ ಕಡೆ ಆ ದಿನ ಹೊಲ ಇದ್ದವರು, ಇಲ್ಲದವರು ಎಲ್ಲರೂ ಹೊಲಕ್ಕೇ ಹೋಗುವುದು. ನಾವು ಆಳಂದ ರಸ್ತೆಯ ಕಡೆ ಇರುವ ಸೋದರಮಾವನ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಬೇವಿನ ಗಿಡದ ನೆರಳಿಗೆ ಕಂಬಳಿ ಹಾಸಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಶೇಂಗಾ ಹೋಳಿಗೆ ಎಲ್ಲ ಬಿಚ್ಚಿ ಕೂತಿದ್ದೆವು. ಫೋನು ರೊಟ್ಟಿ ಬುಟ್ಟಿಯ ಪಕ್ಕದ ಕೈಚೀಲದಲ್ಲಿತ್ತು.

ಮಧ್ಯಾಹ್ನ 1:42ಕ್ಕೆ ನನ್ನ ಖಾತೆಯ ಪಾಸ್‌ವರ್ಡ್ ಬದಲಾಗಿದೆ. 1:47ಕ್ಕೆ ಹೊಸ ಫೋನೊಂದರಿಂದ ಲಾಗಿನ್ ಆಗಿದೆ. 1:53ಕ್ಕೆ ನಾಲ್ಕು ವರ್ಷ ಕೂಡಿಸಿದ ಬಿಟ್‌ಕಾಯಿನ್ ಪೂರ್ತಿ ಮಾರಿ, ಡಾಲರ್ ಬೆಲೆಗೆ ಸರಿಸಮವಾಗಿ ಇರುವಂತೆ ಮಾಡಿದ ಯುಎಸ್‌ಡಿಟಿ ಎಂಬ ಕ್ರಿಪ್ಟೋ ಕೊಂಡಿದ್ದಾರೆ. 1:58ಕ್ಕೆ, ಆ ಖಾತೆಯಿಂದ ಹಿಂದೆಂದೂ ಏನೂ ಹೋಗದ ಒಂದು ವಿಳಾಸ (ಕ್ರಿಪ್ಟೋ ಹೋಗಿ ಸೇರುವ ಖಾತೆ ಸಂಖ್ಯೆ ಎನ್ನಿ) ಸೇರಿಸಿದ್ದಾರೆ. 2:01ಕ್ಕೆ ಅಷ್ಟೂ ಹೊರಗೆ. ಈ ಸಮಯಗಳನ್ನು ನಾನು ಲೆಕ್ಕ ಹಾಕಿದ್ದಲ್ಲ, ನಿಮ್ಮದೇ ಮೇಲ್‌ಗಳಿಂದ ಎತ್ತಿಕೊಂಡದ್ದು. ಆ ಮೇಲ್‌ಗಳೂ ನನಗೆ ಸಿಕ್ಕಿದ್ದು ಕಸದ ಫೋಲ್ಡರಿನಲ್ಲಿ. ಬಂದ ಹಾಗೆ ಅಳಿಸುತ್ತ ಹೋಗಿದ್ದರು. ಒಟ್ಟು 19 ನಿಮಿಷ. ಹೋದದ್ದು 3,18,000 ರೂಪಾಯಿ ಬೆಲೆಯದು, ಅದರಲ್ಲಿ 60,000 ನನ್ನ ಮನೆಯವರು ಚೀಟಿ ಹಾಕಿ ಉಳಿಸಿದ್ದು. ಆ ಹೊತ್ತಿಗೆ ನಾನು ಎರಡನೇ ರೊಟ್ಟಿ ಮುರಿಯುತ್ತಿದ್ದೆ ಅಂತ ಕಾಣುತ್ತದೆ. ಗೊತ್ತಾದದ್ದು ಸಂಜೆ ಆರಕ್ಕೆ, ಮನೆಗೆ ಬಂದು ಕೈಕಾಲು ತೊಳೆದು ಫೋನು ಚಾರ್ಜಿಗೆ ಹಾಕಿದಾಗ.

ನನ್ನ ತಪ್ಪಿಲ್ಲ ಎನ್ನುವುದಿಲ್ಲ. ನಾಲ್ಕು ದಿನ ಮುಂಚೆ ಪರಿಚಯದವರ ನಂಬರಿನಿಂದ ವಾಟ್ಸ್‌ಆ್ಯಪ್‌ಗೆ ಲಗ್ನಪತ್ರಿಕೆ ಎಂಬ ಹೆಸರಿನ ಫೈಲು ಬಂದಿತ್ತು. ಒತ್ತಿದೆ. ಪತ್ರಿಕೆ ತೆರೆಯಲಿಲ್ಲ, ಸುಮ್ಮನಾದೆ. ಅದು ಪತ್ರಿಕೆಯಲ್ಲ, ಫೋನಿಗೆ ಬರುವ ಎಸ್‌ಎಂಎಸ್‌ಗಳನ್ನೆಲ್ಲ ಬೇರೆಯವರಿಗೆ ರವಾನಿಸುವ ಎಪಿಕೆ, ಅಂದರೆ ಆ್ಯಪ್ ಹಾಕುವ ಫೈಲು ಎಂದು ಆಮೇಲೆ ಪೊಲೀಸರು ಹೇಳಿದರು. ಕಳಿಸಿದ ಪರಿಚಯದವರ ಫೋನನ್ನೂ ಹೀಗೇ ಹಿಡಿದುಕೊಂಡಿದ್ದರಂತೆ. ವಯಸ್ಸು 43, ದಿನವೆಲ್ಲ ಕಂಪ್ಯೂಟರ್ ಮುಂದೆ ಕೂರುವವ, ನನಗೇ ಹೀಗಾಯಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳಿಕೊಳ್ಳದಿದ್ದರೆ ಈ ಪತ್ರ ಪ್ರಾಮಾಣಿಕವಾಗುವುದಿಲ್ಲ.

ಆದರೆ ನನ್ನ ತಪ್ಪು ಎಲ್ಲಿಗೆ ಮುಗಿಯುತ್ತದೆ, ನಿಮ್ಮದು ಎಲ್ಲಿಂದ ಶುರುವಾಗುತ್ತದೆ ಎಂಬುದೇ ನನ್ನ ತಕರಾರು. ಪಾಸ್‌ವರ್ಡ್ ಬದಲಿಸುವ ಒಟಿಪಿ ಅದೇ ನಂಬರಿಗೆ. ಮೇಲ್ ತೆರೆಯುವ ಒಟಿಪಿ ಅದೇ ನಂಬರಿಗೆ. ಹಣ ಹೊರಗೆ ಕಳಿಸುವ ಒಟಿಪಿಯೂ ಅದೇ ನಂಬರಿಗೆ. ಬಾಗಿಲಿಗೆ ಮೂರು ಕೀಲಿ ಹಾಕಿ ಮೂರಕ್ಕೂ ಒಂದೇ ಕೀಲಿಕೈ ಮಾಡಿಸಿಟ್ಟ ಹಾಗೆ. ಎಸ್‌ಎಂಎಸ್ ಬದಲು ಫೋನಿನಲ್ಲೇ ಗುಪ್ತ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್ ಬಳಸಬಹುದು, ಗೊತ್ತಿರುವ ವಿಳಾಸಗಳಿಗೆ ಮಾತ್ರ ಹಣ ಹೋಗುವ ಹಾಗೆ ಪಟ್ಟಿ ಮಾಡಿಡಬಹುದು ಎಂಬುದು ನನಗೆ ತಿಳಿದದ್ದು ಹಣ ಹೋದ ಮೇಲೆ. ನಿಮ್ಮ ಆ್ಯಪ್‌ನಲ್ಲಿ ಎರಡೂ ಇವೆ. ಸೆಟ್ಟಿಂಗ್ಸ್‌ನ ಒಳಗೆ, ಅದರೊಳಗೆ, ಮತ್ತದರೊಳಗೆ. ಹೊಸ ಕಾಯಿನ್ ಬಂದರೆ ಮಾತ್ರ ಪರದೆ ತುಂಬ ಪಟಾಕಿ ಹಾರಿಸುತ್ತೀರಿ.

ಹೊಸ ಫೋನಿನಲ್ಲಿ ಯುಪಿಐ ಹಾಕಿಕೊಂಡರೆ ಮೊದಲ 24 ಗಂಟೆ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಬಿಡುವುದಿಲ್ಲ. ಚಹಾ ಅಂಗಡಿಯವನಿಗೂ ಗೊತ್ತಿರುವ ಮಾತು. ನಿಮ್ಮ ವ್ಯಾಪಾರದಲ್ಲೇ ಹಲವರು ಪಾಸ್‌ವರ್ಡ್ ಬದಲಾದರೆ 24 ಗಂಟೆ ಹಣ ಹೊರಹೋಗದಂತೆ ತಡೆದಿಡುತ್ತಾರೆ. ನಿಮ್ಮಲ್ಲಿ ಪಾಸ್‌ವರ್ಡ್ ಹೊಸದು, ಫೋನು ಹೊಸದು, ವಿಳಾಸ ಹೊಸದು, ಖಾತೆ ಪೂರ್ತಿ ಖಾಲಿ. ಎಲ್ಲ 19 ನಿಮಿಷದಲ್ಲಿ. ಯಾವ ಯಂತ್ರಕ್ಕೂ ಅನುಮಾನ ಬರಲಿಲ್ಲ.

ಅನುಮಾನ ಪಡುವುದು ನಿಮಗೆ ಬರುವುದಿಲ್ಲವೆಂದೇನೂ ಅಲ್ಲ. 2023ರಲ್ಲಿ ಮಗಳ ಪಿಯು ಫೀಸಿಗೆಂದು ನಾನೇ 40,000 ರೂಪಾಯಿ ತೆಗೆಯಲು ಹೋದಾಗ ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಪೂರ್ತಿ ಹೆಸರು, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್ ಎಂದು ತಡೆದಿರಿ. ಎರಡು ಸಲ ವಿಡಿಯೊ ಮಾಡಿಸಿದಿರಿ. ಎಡಕ್ಕೆ ತಿರುಗಿ ಎಂದಿರಿ, ಬಲಕ್ಕೆ ತಿರುಗಿ ಎಂದಿರಿ, ಕಣ್ಣು ಮಿಟುಕಿಸಿ ಎಂದಿರಿ. ಗಂಜಿನ ಅಂಗಡಿಯಲ್ಲಿ ಹಮಾಲರೆಲ್ಲ ನೋಡುತ್ತಿರಲು ನಾನು ಫೋನಿಗೆ ಕಣ್ಣು ಮಿಟುಕಿಸಿದೆ. ಮೂರು ದಿನ ಬೇಕಾಯಿತು. ಮಾಲೀಕನಿಗೆ ಮೂರು ದಿನ, ಕಳ್ಳನಿಗೆ 19 ನಿಮಿಷ.

ಇನ್ನು ಕಳವಾದ ಮೇಲಿನ ಕಥೆ. ನನಗೆ ಹೆಚ್ಚು ಸಂಕಟವಾದದ್ದು ಇದರಲ್ಲೇ.

ಆ ರಾತ್ರಿಯೇ ಸರ್ಕಾರದ ಸೈಬರ್ ಅಪರಾಧ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಸೌಜನ್ಯದಿಂದಲೇ ಯಾವ ಬ್ಯಾಂಕು, ಹಣ ವರ್ಗಾವಣೆಗೆ ಬ್ಯಾಂಕು ಕೊಡುವ ಯುಟಿಆರ್ ನಂಬರ್ ಏನು ಎಂದು ಕೇಳಿದಳು. ನನ್ನಲ್ಲಿ ಬ್ಯಾಂಕೂ ಇರಲಿಲ್ಲ, ಯುಟಿಆರ್‌ ಕೂಡ ಇರಲಿಲ್ಲ. ಇದ್ದದ್ದು ಟಿ ಅಕ್ಷರದಿಂದ ಶುರುವಾಗುವ 34 ಅಕ್ಷರಗಳ ಒಂದು ವಿಳಾಸ. ಮರುದಿನ ಬೆಳಿಗ್ಗೆ ಠಾಣೆಗೆ ಹೋದೆ. ಅಲ್ಲಿನ ರೈಟರ್ ನನ್ನ ಫೋನು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ ಆ ವಿಳಾಸವನ್ನು ಒಂದೊಂದೇ ಅಕ್ಷರ ಟೈಪು ಮಾಡಿದರು.

“ಇದು ಸಣ್ಣ ಎಕ್ಸ್ ಏನ್ರಿ, ದೊಡ್ಡದು?”

“ಸಣ್ಣದ್ರಿ ಸರ.”

“ಒಂದು ಅಕ್ಷರ ತಪ್ಪಿದ್ರ ಏನಾಗ್ತದ?”

“ಬ್ಯಾರೆದವರ ವಿಳಾಸ ಆಗ್ತದ್ರಿ, ಇಲ್ಲಾಂದ್ರ ಯಾರದೂ ಆಗಲ್ಲ.”

ಅವರು ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಎರಡು ಸಲ ತಾಳೆ ನೋಡಿದರು. ಆಮೇಲೆ ಗೊತ್ತಾಯಿತು, ಆ ವಿಳಾಸಗಳಲ್ಲಿ ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ಇವು ನಾಲ್ಕನ್ನು ಬಳಸುವುದೇ ಇಲ್ಲವಂತೆ, ನೋಡುವವರಿಗೆ ಒಂದಕ್ಕೊಂದು ಗೊಂದಲವಾಗಬಾರದೆಂದು. ವಿಳಾಸ ಬರೆಯುವವನ ಕಣ್ಣಿನ ಬಗ್ಗೆ ಇಷ್ಟು ಯೋಚಿಸಿದ ಮಂದಿಯೂ ಈ ವ್ಯವಹಾರದಲ್ಲಿ ಇದ್ದಾರೆ ಎಂದು ನಿಮ್ಮ ಗಮನಕ್ಕೆ ತರುತ್ತೇನೆ.

ಮಧ್ಯಾಹ್ನ ಒಂದರ ಹೊತ್ತಿಗೆ ಠಾಣೆಯಿಂದ ನಿಮಗೆ ನೋಟಿಸು ಹೋಯಿತು. ಆ ವಿಳಾಸವನ್ನು ನಾನು ಹಿಂದಿನ ರಾತ್ರಿಯಿಂದಲೂ ನೋಡುತ್ತಲೇ ಇದ್ದೆ. ಬ್ಲಾಕ್‌ಚೈನ್‌ನ ಲೆಕ್ಕದ ಪುಸ್ತಕ ಯಾರು ಬೇಕಾದರೂ ತೆರೆದು ನೋಡಬಹುದಲ್ಲ. ನನ್ನ ಯುಎಸ್‌ಡಿಟಿ ಅಷ್ಟೂ ಅಲ್ಲೇ ಇತ್ತು, ಅಲುಗಾಡಿರಲಿಲ್ಲ. ತೊಗರಿ ರಾಶಿಯ ಕಾಲ. ಗಂಜಿನಲ್ಲಿ ಚೀಲಗಳ ಮೇಲೆ ಚೀಲ, ಲಾರಿ, ಧೂಳು, ಹರಾಜಿನ ಕೂಗು. ನಾನು ಪಟ್ಟಿ ಬರೆಯುವುದು, ಫೋನು ತೆಗೆದು ನೋಡುವುದು, ಮತ್ತೆ ಪಟ್ಟಿ ಬರೆಯುವುದು. ಅಲ್ಲೇ ಇದೆ. ಊಟ ಮಾಡಿ ನೋಡಿದೆ. ಅಲ್ಲೇ ಇದೆ. ರಾತ್ರಿ ಎರಡಕ್ಕೆ ಎದ್ದು ನೋಡಿದೆ. ಅಲ್ಲೇ ಇದೆ. ನಮ್ಮ ಮನೆಯಿಂದ ಕದ್ದ ಎತ್ತನ್ನು ಎದುರಿಗಿನ ಬಯಲಿನಲ್ಲಿ ಕಟ್ಟಿದ್ದಾರೆ, ಕಣ್ಣಿಗೆ ಕಾಣುತ್ತಿದೆ, ಹಗ್ಗ ಬಿಚ್ಚಲು ಮಾತ್ರ ಆಗದು, ಹಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಏಳಕ್ಕೆ ನೋಡಿದರೆ ಸೊನ್ನೆ. ಹನ್ನೊಂದು ವಿಳಾಸಗಳಿಗೆ ಹಂಚಿಹೋಗಿತ್ತು.

ಒಟ್ಟು 41 ಗಂಟೆ ಆ ಹಣ ಒಂದೇ ಕಡೆ ಕೂತಿತ್ತು. ಪೊಲೀಸರ ನೋಟಿಸು ನಿಮಗೆ ಸೇರಿದ ಮೇಲೆಯೇ 18 ಗಂಟೆ. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಗೆ ಯಾವುದೇ ವಿಳಾಸದಲ್ಲಿರುವ ಯುಎಸ್‌ಡಿಟಿಯನ್ನು ತಡೆಹಿಡಿಯುವ ಶಕ್ತಿ ಇದೆ, ತನಿಖಾ ಸಂಸ್ಥೆಗಳ ಕೋರಿಕೆಯ ಮೇಲೆ ಹಲವು ಬಾರಿ ಹಾಗೆ ತಡೆದಿದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನನ್ನಂಥವನ ಮೂರು ಲಕ್ಷಕ್ಕೆ ಅವರು ಕೈ ಹಾಕುತ್ತಿದ್ದರೋ ಇಲ್ಲವೋ, ಆ ಮಾತು ಬೇರೆ. ಕೇಳಬೇಕಾದವರು ಕೇಳಲೇ ಇಲ್ಲ. ಠಾಣೆಗೆ ನಿಮ್ಮ ಉತ್ತರ ಬಂದದ್ದು 16ನೆಯ ದಿನ.

ನನಗೆ ಉತ್ತರಗಳು ಬೇಗ ಬಂದವು, ಅದನ್ನು ಒಪ್ಪುತ್ತೇನೆ. ಐದು ಉತ್ತರ, ಐದು ಬೇರೆ ಬೇರೆ ಹೆಸರಿನವರಿಂದ, ಐದರಲ್ಲೂ ಅದೇ ವಾಕ್ಯ, ಅದೇ ಜಾಗದಲ್ಲಿ ಅದೇ ಕಾಗುಣಿತದ ತಪ್ಪು. ನಿಮಗಾದ ತೊಂದರೆ ನಮಗೆ ಅರ್ಥವಾಗುತ್ತದೆ ಎಂದು ಶುರು. ಸರಿಯಾದ ಒಟಿಪಿ ಬಳಸಿ ವ್ಯವಹಾರ ನಡೆದಿರುವುದರಿಂದ ಒಪ್ಪಂದದ ಪ್ರಕಾರ ಅದು ನೀವೇ ಮಾಡಿದ ವ್ಯವಹಾರ ಎಂದು ಮುಕ್ತಾಯ. ಫೋನ್ ನಂಬರ್ ಕೊಡಿ ಎಂದು ಕೇಳಿದೆ. ನಿಮ್ಮ ಸುರಕ್ಷತೆಯ ದೃಷ್ಟಿಯಿಂದ ಫೋನ್ ಮೂಲಕ ಸಂಪರ್ಕಿಸುವುದಿಲ್ಲ ಎಂದು ಬಂತು. ನನ್ನ ಸುರಕ್ಷತೆ!

ಕೊನೆಗೆ ಅಪ್ಪ ಹೇಳಿದ್ದನ್ನೇ ಮಾಡಿದೆ. ನಿಮ್ಮ ಮನೆ ಹುಡುಕಿದೆ. ಒಪ್ಪಂದದ ಪತ್ರದ ತೀರಾ ಕೆಳಗೆ ಒಂದು ನಗರದ ವಿಳಾಸವಿತ್ತು. ತಂಗಿಯ ಮಗ ಅದೇ ನಗರದಲ್ಲಿ ಕೆಲಸಕ್ಕಿದ್ದಾನೆ. ಅರ್ಧ ದಿನ ರಜೆ ಹಾಕಿ ಹೋಗಿ ಬಂದ. ಅದು ತಿಂಗಳ ಬಾಡಿಗೆಗೆ ಮೇಜು ಕುರ್ಚಿ ಕೊಡುವ ಕಟ್ಟಡ. ಕಾವಲುಗಾರ ರಿಜಿಸ್ಟರ್ ತಿರುವಿ ನೋಡಿ, ಈ ಹೆಸರಿನವರಿಗೆ ಕಾಗದ ಬಂದರೆ ತೆಗೆದಿಡುತ್ತೇವೆ, ಜನ ಬರುವುದಿಲ್ಲ ಎಂದನಂತೆ. ಹುಡುಗ ಫೋನಿನಲ್ಲಿ, “ಮಾಮಾ, ಇಲ್ಲಿ ನಿಮ್ಮ ಕಂಪನಿದು ಒಂದು ಪೋಸ್ಟ್ ಡಬ್ಬಿ ಅದ ಅಷ್ಟೇ” ಅಂದ. ಅಪ್ಪನಿಗೆ ಏನು ಹೇಳಲಿ ಎಂದು ತಿಳಿಯದೆ, ಸಿಕ್ಕಿಲ್ಲ ಎಂದೆ. ಅವರು ಈ ಸಲ ಏನೂ ಕೇಳಲಿಲ್ಲ.

ನಮ್ಮ ಗಂಜಿನಲ್ಲಿ ಎಲ್ಲರೂ ಹರಿಶ್ಚಂದ್ರನ ಮೊಮ್ಮಕ್ಕಳು ಎಂದು ನಾನು ಹೇಳುತ್ತಿಲ್ಲ. ತೂಕದಲ್ಲಿ ಹೊಡೆಯುವವರು, ರೈತನ ಪಟ್ಟಿಯಲ್ಲಿ ಇಲ್ಲದ ಕಡಿತ ತೋರಿಸುವವರು ಇದ್ದಾರೆ. ಅಡತಿ ಅಂಗಡಿಯೊಂದು ದಿವಾಳಿ ಎದ್ದದ್ದನ್ನು ಚಿಕ್ಕಂದಿನಲ್ಲಿ ನಾನೇ ಕಂಡಿದ್ದೇನೆ. ಆಗ ಹಳ್ಳಿಗಳಿಂದ ಬಂದ ರೈತರು ಆ ಅಂಗಡಿಯ ಕಟ್ಟೆಯ ಮೇಲೆ ಎರಡು ರಾತ್ರಿ ಮಲಗಿದರು. ರೊಟ್ಟಿ ಗಂಟು ಅಲ್ಲೇ, ನಿದ್ದೆ ಅಲ್ಲೇ. ಮೂರನೆಯ ದಿನ ಸಾವಕಾರನ ಅಣ್ಣ ಬಂದು ಎಲ್ಲರ ಲೆಕ್ಕ ಬರೆಸಿಕೊಂಡ. ಪೂರ್ತಿ ಬರಲಿಲ್ಲ, ಅರ್ಧದಷ್ಟು ಬಂತು. ಆ ಲೆಕ್ಕ ಬರೆದವರು ನಮ್ಮಪ್ಪ. ಮಲಗಲು ಒಂದು ಕಟ್ಟೆಯಿತ್ತು ಎಂಬುದೇ ಆ ವಸೂಲಿಯ ಗುಟ್ಟು. ನಿಮ್ಮಲ್ಲಿ ನನ್ನ ಆಧಾರ್ ಇದೆ, ಪ್ಯಾನ್ ಇದೆ, ಬ್ಯಾಂಕ್ ಖಾತೆ ಇದೆ, ನಾನು ಕಣ್ಣು ಮಿಟುಕಿಸಿದ್ದೂ ಇದೆ. ನಿಮ್ಮದೆಂದು ನನ್ನಲ್ಲಿರುವುದು ಒಂದು ಟಿಕೆಟ್ ಸಂಖ್ಯೆ.

ಈಗ ಸಚಿವಾಲಯದವರೂ ಸ್ವಲ್ಪ ಕೇಳಿಸಿಕೊಳ್ಳಬೇಕು. ಇದು ಲೆಕ್ಕ ಬರೆಯುವವನ ಮಾತು.

ಕಳ್ಳ ನನ್ನ ಬಿಟ್‌ಕಾಯಿನ್ ಮಾರಿ ಯುಎಸ್‌ಡಿಟಿ ಕೊಂಡನಲ್ಲ, ಆ ಮಾರಾಟಕ್ಕೆ ವಿನಿಮಯ ಕೇಂದ್ರದವರು ಕಾನೂನಿನಂತೆ ಶೇ 1ರಷ್ಟು ಟಿಡಿಎಸ್ ಹಿಡಿದಿದ್ದಾರೆ. 2022ರ ಜುಲೈ 1ರಿಂದ ಇರುವ ನಿಯಮ. ಹಿಡಿದದ್ದು ನನ್ನ ಪ್ಯಾನ್ ಮೇಲೆ. ನನ್ನ ತೆರಿಗೆ ಕಡಿತದ ಪಟ್ಟಿಯಾದ 26ಎಎಸ್ ತೆಗೆದು ನೋಡಿದರೆ ಎಳ್ಳಮಾವಾಸ್ಯೆಯ ದಿನ ನಾನು ಕ್ರಿಪ್ಟೋ ಮಾರಿದ್ದೇನೆ! ಕೊಂಡ ಬೆಲೆಗಿಂತ ಮಾರಿದ ಬೆಲೆ ಹೆಚ್ಚಿರುವುದರಿಂದ ಇಲಾಖೆಯ ಕಣ್ಣಿಗೆ ನನಗೆ ಲಾಭವೂ ಆಗಿದೆ, ಆ ಲಾಭಕ್ಕೆ ಶೇ 30 ತೆರಿಗೆ. ಈ ಬಗೆಯ ಆಸ್ತಿಯ ಆದಾಯದಲ್ಲಿ ಕೊಂಡ ಬೆಲೆಯೊಂದನ್ನು ಬಿಟ್ಟು ಬೇರೇನನ್ನೂ ಕಳೆಯುವ ಹಾಗಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ತೋರಿಸುವ ಹಾಗೂ ಇಲ್ಲ. ಕಳವಾದದ್ದನ್ನು ಬರೆಯಲು ರಿಟರ್ನ್‌ನಲ್ಲಿ ಒಂದು ಕಾಲಂ ಕೂಡ ನನಗೆ ಕಾಣಲಿಲ್ಲ. ಬೇರೆಯವರ ರಿಟರ್ನ್ ತುಂಬುವವನೇ ತನ್ನ ರಿಟರ್ನ್ ಮುಂದೆ ಪೆನ್ನು ಹಿಡಿದು ಕೂತಿದ್ದಾನೆ.

ವಿನಿಮಯ ಕೇಂದ್ರಗಳ ಜಾಹೀರಾತುಗಳಲ್ಲಿ ‘ಎಫ್‌ಐಯುನಲ್ಲಿ ನೋಂದಾಯಿತ’ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಎಫ್‌ಐಯು ಎಂದರೆ ಕೇಂದ್ರದ ಹಣಕಾಸು ಗುಪ್ತಚರ ಘಟಕ. ನಾನೂ ಅದನ್ನು ನೋಡಿ ಇನ್ನಷ್ಟು ನಂಬಿದೆ, ಸರ್ಕಾರದ ಮುದ್ರೆ ಎಂದುಕೊಂಡೆ. 2023ರ ಮಾರ್ಚ್‌ನಲ್ಲಿ ಈ ಸಂಸ್ಥೆಗಳನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ತಂದದ್ದರಿಂದ ಬಂದ ನೋಂದಣಿ ಅದು. ಅನುಮಾನದ ವ್ಯವಹಾರ ಕಂಡರೆ ಸರ್ಕಾರಕ್ಕೆ ವರದಿ ಕೊಡಬೇಕು ಎಂಬುದು ಅದರ ಅರ್ಥ. ಗ್ರಾಹಕನ ಹಣಕ್ಕೆ ಭದ್ರತೆ ಎಂದಲ್ಲ. ವಿದೇಶದಲ್ಲಿ ಕೂತು ಇಲ್ಲಿ ವ್ಯಾಪಾರ ಮಾಡುತ್ತಿದ್ದ ಬೈನಾನ್ಸ್‌ಗೆ 2024ರಲ್ಲಿ 18.82 ಕೋಟಿ ರೂಪಾಯಿ ದಂಡ ಹಾಕಿದಿರಿ, ಒಳ್ಳೆಯದೇ. ಆ ದಂಡವೂ ಈ ಕಾಯ್ದೆಯ ಪಾಲನೆಗೆ ಸಂಬಂಧಿಸಿದ್ದು. ಬ್ಯಾಂಕು ಮುಳುಗಿದರೆ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ. ಬ್ಯಾಂಕು ಮಾತು ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಷೇರಿನವರಿಗೆ ಸೆಬಿ ಇದೆ. ಆನ್‌ಲೈನಿನಲ್ಲಿ ಸೀರೆ ಮಾರುವವರು ಕೂಡ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ನಮ್ಮಿಂದ ತೆರಿಗೆ ತೆಗೆದುಕೊಳ್ಳಲು ಕ್ರಿಪ್ಟೋ ಆಸ್ತಿ. ನಾವು ಹೋಗಿ ನಿಲ್ಲಲು ಒಂದು ಬಾಗಿಲು ಕೇಳಿದರೆ ಅದು ಏನೆಂದು ಇನ್ನೂ ತೀರ್ಮಾನವಾಗಿಲ್ಲ.

ಇದು ಬರೀ ಲಗ್ನಪತ್ರಿಕೆ ಒತ್ತಿದ ದಡ್ಡರ ಸಮಸ್ಯೆ ಎಂದು ಯಾರೂ ತಿಳಿಯಬಾರದು. ಏನನ್ನೂ ಒತ್ತದವರೂ ಕಳೆದುಕೊಂಡಿದ್ದಾರೆ. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ಕ್ರಿಪ್ಟೋ ಕಳವಾಯಿತು. ಹಣ ತೆಗೆಯುವುದು ನಿಂತಿತು. ನಮ್ಮ ದೇಶದ ಗ್ರಾಹಕರ ಹಣದ ತೀರ್ಮಾನ ಸಿಂಗಪುರದ ಹೈಕೋರ್ಟಿನಲ್ಲಿ ನಡೆಯಿತು. ವಜೀರ್‌ಎಕ್ಸ್‌ನಲ್ಲಿ ವ್ಯವಹಾರ ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ, 15 ತಿಂಗಳ ಮೇಲೆ. ಗಂಜಿನ ಒಬ್ಬ ಹುಡುಗನ ಹಣವೂ ಅದರಲ್ಲಿತ್ತು. ಸಿಂಗಪುರದಿಂದ ಬರುತ್ತಿದ್ದ ಮೇಲ್‌ಗಳನ್ನು ನನ್ನ ಹತ್ತಿರ ತಂದು ಓದಿಸುತ್ತಿದ್ದ. ಮರುವರ್ಷ, 2025ರ ಜುಲೈನಲ್ಲೇ, ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಕೇಂದ್ರದಲ್ಲಿ ಸುಮಾರು 4.4 ಕೋಟಿ ಡಾಲರ್ ಹೋಯಿತು. ಅಲ್ಲಿ ಗ್ರಾಹಕರ ಹಣ ಬೇರೆ ಇಟ್ಟಿದ್ದೇವೆ, ನಷ್ಟವನ್ನು ಕಂಪನಿಯ ನಿಧಿಯಿಂದಲೇ ತುಂಬುತ್ತೇವೆ ಎಂದರು. ಎರಡೂ ಕಡೆ ಕಳ್ಳತನವೇ. ಗ್ರಾಹಕನ ಪಾಲಿಗೆ ಒಂದಕ್ಕೊಂದು ಅಜಗಜಾಂತರ. ನನ್ನ ವಿನಿಮಯ ಕೇಂದ್ರದವರು ಗ್ರಾಹಕರ ಕಾಯಿನ್ ಬೇರೆ ಇಟ್ಟಿದ್ದಾರೋ, ತಮ್ಮದರ ಜೊತೆ ಕಲಸಿದ್ದಾರೋ, ಯಾರ ಕೈಯಲ್ಲಿ ಇಟ್ಟಿದ್ದಾರೋ ಎಂದು ಒಪ್ಪಂದವನ್ನು ಮೂರು ಸಲ ಓದಿದರೂ ನನಗೆ ತಿಳಿಯಲಿಲ್ಲ. ಒಪ್ಪಂದ 46 ಪುಟ, ಪೂರ್ತಿ ಇಂಗ್ಲಿಷಿನಲ್ಲಿ. ‘ಒಪ್ಪಿದೆ’ ಎಂಬ ಒಂದು ಗುಂಡಿ ಮಾತ್ರ ಕನ್ನಡದಲ್ಲಿದೆ.

2025ರ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟು ಕ್ರಿಪ್ಟೋ ಎಂಬುದು ಆಸ್ತಿಯೇ, ಅದನ್ನು ಒಬ್ಬರ ಪರವಾಗಿ ಇನ್ನೊಬ್ಬರು ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂದು ಹೇಳಿದೆ. ಅಂದರೆ ನೀವು ನನ್ನ ಮಾಲನ್ನು ಇಟ್ಟುಕೊಂಡವರು. ಗಂಜಿನ ಭಾಷೆಯಲ್ಲಿ ಇದಕ್ಕೆ ಅಮಾನತು ಎನ್ನುತ್ತೇವೆ. ಅಮಾನತಿನ ಮಾಲು ಹೋದರೆ, ಕೇಳಿದವನು ಸರಿಯಾದ ಗುರುತು ಹೇಳಿದ ಎನ್ನುವಷ್ಟಕ್ಕೆ ಗೋದಾಮಿನವನ ಹೊಣೆ ಮುಗಿಯುವುದಿಲ್ಲ. ರಾತ್ರೋರಾತ್ರಿ ಹೊಸ ಲಾರಿ, ಹೊಸ ಡ್ರೈವರ್ ಬಂದು ಗೋದಾಮು ಪೂರ್ತಿ ಖಾಲಿ ಮಾಡುವಾಗ ಮಾಲೀಕನಿಗೆ ಒಂದು ಫೋನಾದರೂ ಮಾಡಬೇಕಿತ್ತು.

ನನ್ನ ಕೋರಿಕೆಗಳು ದೊಡ್ಡವಲ್ಲ. ಪಾಸ್‌ವರ್ಡ್ ಅಥವಾ ಫೋನು ಬದಲಾದರೆ, ಹೊಸ ವಿಳಾಸ ಸೇರಿದರೆ, 24 ಗಂಟೆ ಹಣ ಹೊರಹೋಗದಂತೆ ತಡೆಯಿರಿ. ಗ್ರಾಹಕನಿಗೆ ಅವಸರವಿದ್ದರೆ ಅವನು ಕಾಯಲಿ, ನಾನು ಮೂರು ದಿನ ಕಾದಿದ್ದೆನಲ್ಲ. ಅಥೆಂಟಿಕೇಟರನ್ನು ಖಾತೆ ತೆರೆಯುವಾಗಲೇ ಹಾಕಿಸಿ, ಬೇಡವೆನ್ನುವವರು ಹುಡುಕಿಕೊಂಡು ಹೋಗಿ ತೆಗೆಯಲಿ, ಈಗಿರುವುದು ಉಲ್ಟಾ. ಖಾತೆಯನ್ನು ತಕ್ಷಣ ಸ್ತಬ್ಧಗೊಳಿಸಲು ಹಗಲು ರಾತ್ರಿ ಮನುಷ್ಯರು ಎತ್ತುವ ಒಂದು ಫೋನ್ ನಂಬರ್ ಕೊಡಿ, ಆ ಮನುಷ್ಯರಲ್ಲಿ ಒಬ್ಬರಿಗಾದರೂ ಕನ್ನಡ ಬರಲಿ. ನಮ್ಮ ಕಡೆಯ ಕನ್ನಡ ಬಂದರಂತೂ ಪುಣ್ಯ. ಪೊಲೀಸರ ನೋಟಿಸಿಗೆ ಗಂಟೆಗಳ ಲೆಕ್ಕದಲ್ಲಿ ಉತ್ತರ ಕೊಡಿ. ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರಿಂದ ನಿಯಮವಿದೆ. ಸರ್ಕಾರಕ್ಕೆ 6 ಗಂಟೆಯಲ್ಲಿ ಬರೆಯಬೇಕಾದವರು ಕಲಬುರಗಿಯ ಠಾಣೆಗೆ 16 ದಿನ ತೆಗೆದುಕೊಳ್ಳುವುದು ಯಾವ ನ್ಯಾಯ? ಇನ್ನು ಗ್ರಾಹಕರ ಕಾಯಿನ್ ಎಲ್ಲಿವೆ, ಯಾರ ಸುಪರ್ದಿಯಲ್ಲಿವೆ, ನೀವು ಮುಳುಗಿದರೆ ಯಾವ ಊರಿನ ಕೋರ್ಟಿಗೆ ನಾವು ಬರಬೇಕು ಎಂಬುದನ್ನು ಒಂದೇ ಪುಟದಲ್ಲಿ, ಕನ್ನಡದಲ್ಲಿ ಬರೆದು ಕೊಡಿ.

ನನ್ನ ಪ್ರಕರಣದಲ್ಲಿ ಪೂರ್ತಿ ಹಣ ಕೊಡಿ ಎಂದು ನಾನು ಕೇಳುತ್ತಿಲ್ಲ. ಆ ಎಪಿಕೆ ಒತ್ತಿದ ಬೆರಳು ನನ್ನದು. 19 ನಿಮಿಷದ ಬಗ್ಗೆ ಮತ್ತು 18 ಗಂಟೆಯ ಬಗ್ಗೆ ನಿಮ್ಮ ಲಿಖಿತ ಉತ್ತರ ಬೇಕು, ಅದನ್ನು ನೋಡಿ ನಿಮ್ಮ ಪಾಲು ಎಷ್ಟೆಂದು ಕೂತು ಮಾತಾಡೋಣ.

ಸಚಿವಾಲಯದವರಲ್ಲಿ ಎರಡು ವಿನಂತಿ. ಬ್ಯಾಂಕಿನವರಿಗೆ ಇರುವಂಥ ಒಂಬುಡ್ಸ್‌ಮನ್ ಒಬ್ಬರನ್ನು ಈ ವ್ಯವಹಾರಕ್ಕೂ ನೇಮಿಸಿ. ತೆರಿಗೆ ವಸೂಲಿಗೆ ಮಾಡಿದ ಏರ್ಪಾಟಿನ ಅರ್ಧದಷ್ಟು ಮುತುವರ್ಜಿ ಸಾಕು. ಎರಡನೆಯದು, ಎಫ್‌ಐಆರ್ ಇರುವ ಕಳವಿನ ಪ್ರಕರಣಗಳಲ್ಲಿ ಕಳ್ಳ ಮಾಡಿದ ಮಾರಾಟವನ್ನು ಖಾತೆದಾರನ ಆದಾಯವೆಂದು ಎಣಿಸಬೇಡಿ. ನನ್ನ ಹತ್ತಿರ ರಿಟರ್ನ್ ತುಂಬಿಸಲು ಬರುವವರಲ್ಲಿ ಇನ್ನಿಬ್ಬರಿಗೆ ಹೀಗೇ ಆಗಿದೆ. ಒಬ್ಬರು ಮೇಷ್ಟ್ರು, ಮನೆಯಲ್ಲಿ ಹೇಳಿಲ್ಲ. ಇನ್ನೊಬ್ಬ ಹುಡುಗ ಯುಎಸ್‌ಡಿಟಿಯನ್ನು ಯಾರಿಗೋ ನೇರವಾಗಿ ಮಾರಿದ. ಅವನ ಬ್ಯಾಂಕಿಗೆ ಬಂದದ್ದು ಬೇರೆಲ್ಲೋ ಕದ್ದ ಹಣವಂತೆ, ಬೇರೆ ರಾಜ್ಯದ ಪೊಲೀಸರು ಅವನ ಖಾತೆಯನ್ನೇ ತಡೆಹಿಡಿದಿದ್ದಾರೆ. ಮೂರು ತಿಂಗಳಿಂದ ಸಂಬಳ ಬರುವುದು ಅದಕ್ಕೇ, ತೆಗೆಯಲು ಬರುವುದಿಲ್ಲ. ಅವನ ಕಥೆ ಅವನೇ ಬರೆಯಲಿ.

ಕೊನೆಯ ಮಾತು, ಉತ್ತರ ಕಳಿಸುವ ಬಗ್ಗೆ. ದಯವಿಟ್ಟು ಮೇಲ್ ಬೇಡ. ಕಾಗದದಲ್ಲಿ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರಲಿ; ಅಪ್ಪನಿಗೆ 78, ಭೂತಗನ್ನಡಿ ಹಿಡಿದು ಓದುತ್ತಾರೆ. ಕೆಳಗೆ ಒಬ್ಬ ಮನುಷ್ಯರ ಹೆಸರು, ಸಹಿ, ಅವರು ಕೂರುವ ಜಾಗ ಇರಲಿ. ನನ್ನ ವಿಳಾಸ ನಿಮ್ಮಲ್ಲಿದೆ. ಯಾರಾದರೂ ಖುದ್ದು ಬರುವುದಾದರೆ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಗಂಜಿನಲ್ಲೇ ಇರುತ್ತೇನೆ. ಮುನೀಮರ ಮಗ ಎಲ್ಲಿ ಕೂರುತ್ತಾನೆ ಎಂದು ಯಾವ ಹಮಾಲರನ್ನು ಕೇಳಿದರೂ ಕರೆದುಕೊಂಡು ಬಂದು ಬಿಡುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಖಾತೆದಾರ,
ನೆಹರು ಗಂಜ್, ಕಲಬುರಗಿ